ಒಬ್ಬನ ಹೇರು, ಊರಿಗೆ ದಂಡ

ಮುಂಬಯಿ, ಪುಣೆಗಳಿಂದ ರಾತ್ರಿಯ ಬಸ್ಸೇರಿ ಹುಬ್ಬಳ್ಳಿ, ದಾವಣಗೆರೆಗಳ ಕಡೆಗೆ ತೆರಳುವ ನಮ್ಮ ವಾಚಕರಿಗೆ ರಸ್ತೆಯ ಹೊಂಡಗಳನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಅದಕ್ಕಾಗಿ ಮಳೆಯನ್ನೂ ಗುತ್ತಿಗೆದಾರನನ್ನೂ ದೂರುವುದು ವಾಡಿಕೆ. ಆ ದೂರಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಮಿತಿಮೀರಿ ಹೇರಿದ ಲಾರಿಯ ಪಾಲೆಷ್ಟೆಂದು ಲೆಕ್ಕ ಹಾಕಿದವರು ವಿರಳ.

ರಸ್ತೆಯನ್ನು ಸವೆಸುವುದರಲ್ಲಿ ಲಾರಿಯ ಒಟ್ಟು ತೂಕಕ್ಕಿಂತ ಅದರ ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರವೇ ಮುಖ್ಯ. 1958ರಿಂದ 1960ರ ವರೆಗೆ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ, ಒಟ್ಟಾವಾ ಪಟ್ಟಣದ ಬಳಿ, ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ನೋಡಲಾಯಿತು. ಅಚ್ಚಿನ ಭಾರ ಇಮ್ಮಡಿಯಾದರೆ ಸವೆತವು ಸುಮಾರು ಹದಿನಾರು ಪಟ್ಟಾಗುವುದೆಂಬ ತತ್ತ್ವ ಅದರಿಂದ ಹೊರಟಿತು. ಈ ಲೆಕ್ಕದಂತೆ, ಹತ್ತು ಟನ್ನಿನ ಅಚ್ಚು ಒಮ್ಮೆ ಹಾದು ಮಾಡುವ ಹಾನಿಯನ್ನು ಮಾಡಲು ಅರ್ಧ ಟನ್ನಿನ ಅಚ್ಚು ಒಂದೂವರೆ ಲಕ್ಷ ಸಲಕ್ಕೂ ಮಿಕ್ಕಿ ಹಾಯಬೇಕಾಗುತ್ತದೆ.

ಚಕ್ರ ಹಾಯುವಾಗಲೆಲ್ಲ ಡಾಮರಿನ ಪದರವು ಕೊಂಚ ಬಾಗಿ ಮತ್ತೆ ಏಳುತ್ತದೆ. ಭಾರ ಅತಿಯಾದಂತೆ ಅದು ಬೇಗನೆ ಬಿರಿಯುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿದು ತಳವು ಸಡಿಲಾಗಿ ಹೊಂಡ ಬೀಳುತ್ತದೆ. ಗಣಿಗಾರಿಕೆ ಭರದಿಂದ ಸಾಗಿದ್ದ ಕಾಲದಲ್ಲಿ, ಅಂದರೆ 2011ಕ್ಕೆ ಮುಂಚೆ, ಅದಿರಿನ ಲಾರಿಗಳಿಂದ ಹೊಸಪೇಟೆ, ಸಂಡೂರುಗಳ ರಸ್ತೆಗಳಿಗಾದ ದುರ್ಗತಿಯನ್ನು ನಾಡೆಲ್ಲ ಕಂಡಿದೆ.

2018ರ ಜುಲೈಯಲ್ಲಿ ಕೇಂದ್ರ ಸರಕಾರವು ನಾಲ್ಕು ಚಕ್ರಗಳುಳ್ಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರದ ಹೆಚ್ಚಳ ನೂರಕ್ಕೆ ಸುಮಾರು 13; ಮೇಲಿನ ತತ್ತ್ವದಂತೆ ಸವೆತದ ಹೆಚ್ಚಳ ನೂರಕ್ಕೆ ಸುಮಾರು 60. ಸಾಗಾಟದ ವೆಚ್ಚ ಇಳಿಯಬೇಕೆಂಬ ಉದ್ದೇಶವೇನೋ ಒಪ್ಪತಕ್ಕದ್ದೇ. ಆದರೆ ಏರಿಸಿದ ಮಿತಿಯನ್ನೂ ದಾಟಿ ಹೇರುವವರಿಗೆ ಯಾವ ಸಮರ್ಥನೆಯೂ ಇರಲಾರದು.

2019ರ ಕಾಯದೆಯ ತಿದ್ದುಪಡಿಯಂತೆ ಅತಿಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಅದಕ್ಕಿಂತ ಮುಖ್ಯವಾದುದು, ಹೆಚ್ಚಿನ ಹೇರನ್ನು ಇಳಿಸಿದ ಹೊರತು ಲಾರಿ ಮುಂದೆ ಸಾಗಕೂಡದೆಂಬ ವಿಧಿ. ದಂಡವನ್ನು ವಸೂಲು ಮಾಡಿ ಲಾರಿಯನ್ನು ಹಾಗೆಯೇ ಬಿಟ್ಟರೆ ಖಜಾನೆಗೆ ಹಣ ಸೇರೀತು, ರಸ್ತೆ ಮಾತ್ರ ಉಳಿಯದು. ಹೊಣೆಯನ್ನು ಡ್ರೈವರನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಅವನೂ ನಮ್ಮಂತೆ ದುಡಿದುಣ್ಣುವವನು, ಹೇರಿಸಿದವನು ಬೇರೆ. ಲಾಭ ಅವನಿಗೆ, ರಿಪೇರಿಯ ಖರ್ಚು ತೆರಿಗೆಯಾಗಿ, ಟೋಲಾಗಿ, ಬಸ್ಸಿನ ಚಾರ್ಜಾಗಿ ನಮಗೆ. ತೂಕದ ಕಟ್ಟೆಯಲ್ಲಿ ಹೇರು ಇಳಿಯಲಿ. ಇಳಿಸುವ ಖರ್ಚು ಹೇರಿಸಿದವನ ಮೇಲೆಯೇ ಬೀಳಲಿ.