ಎಂಜಿನ್ ಬದಲಾಯಿಸೋ ಮುಂಚೆ ಅದು ಯಾಕೆ ಸತ್ತಿತು ಅಂತ ಕೇಳಿ

ಈ ಸಲ ಬೆಳೆ ವಿಷಯ ಅಲ್ಲ, ಬೆಳೆ ಹೊರೋ ಗಾಡಿ ವಿಷಯ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಕೋಲಾರದ ಮಂಡಿಯಲ್ಲಿ ಟೊಮೊಟೊ ಬಾಕ್ಸ್ ಇಳಿಸಿ ಟೀ ಕುಡೀತಾ ನಿಂತಿದ್ದೆ. ನಮ್ಮ ಕಡೆಯವರೇ ಒಬ್ಬರು, ಅವರದೂ ನನ್ನ ಥರ ಹಳೇ 407, ಎಂಜಿನ್ ಆಯಿಲ್ ತಿಂತಾ ಇದೆ, ಏನ್ಮಾಡ್ಲಿ ಅಂತ ಕೇಳಿದ್ರು. ಸುತ್ತ ನಿಂತಿದ್ದ ಐದು ಜನರಲ್ಲಿ ನಾಲ್ಕು ಜನರದ್ದು ಒಂದೇ ಮಾತು: "ಬೋರ್ ಕೆಲಸಕ್ಕೆ ದುಡ್ಡು ಸುರೀಬೇಡ ಅಣ್ಣ. ಗುಜರಿಯಲ್ಲಿ ರೆಡಿ ಎಂಜಿನ್ ಸಿಗ್ತೈತೆ. ಎರಡು ದಿನದಲ್ಲಿ ಕೂರಿಸ್ಕೊಂಡು ಓಡಿಸ್ತಾ ಇರು." ನಾನು ಬೇಡ ಅಂದೆ. "ನಿಮ್ಮದು ಹಳೇ ಕಾಲದ ಲೆಕ್ಕ" ಅಂತ ನಕ್ಕರು. ನಗಲಿ. ಆ ಹಳೇ ಲೆಕ್ಕವನ್ನೇ ಇಲ್ಲಿ ಬರೀತೀನಿ, ನೀವೇ ಕೂಡಿ ಕಳೆದು ನೋಡಿ.

ಮೊದಲು ನನ್ನ ತಪ್ಪು ಹೇಳ್ಕೋತೀನಿ. ಆರೇಳು ವರ್ಷದ ಹಿಂದೆ ನನ್ನ ಗಾಡಿ ನೀಲಿ ಹೊಗೆ ಬಿಡೋಕೆ ಶುರು ಮಾಡ್ತು. ಕಟಾವಿನ ಸಮಯ, ಗಾಡಿ ನಿಲ್ಲಿಸೋ ಹಾಗಿಲ್ಲ. ಹೆಡ್ ಬಿಚ್ಚಿಸಿ, ರಿಂಗ್ ಮಾತ್ರ ಬದಲಾಯಿಸಿ, ಮುಚ್ಚಿಸಿಬಿಟ್ಟೆ. ಬೋರ್ ಅಳತೆ ಹಿಡಿಸಲಿಲ್ಲ, ಕ್ರ್ಯಾಂಕ್ ನೋಡಿಸಲಿಲ್ಲ. ಎಂಟು ತಿಂಗಳಿಗೆ ಮತ್ತೆ ಅದೇ ಹೊಗೆ. ಒಂದು ರಾತ್ರಿ ಮುಳಬಾಗಿಲು ರಸ್ತೆಯಲ್ಲಿ 140 ಬಾಕ್ಸ್ ಹಣ್ಣಿನ ಸಮೇತ ನಿಂತೇ ಹೋಯ್ತು. ಬೇರೆ ಗಾಡಿ ಕರೆಸಿ, ಬಾಕ್ಸ್ ಬದಲಾಯಿಸಿ ಮಂಡಿ ಮುಟ್ಟೋ ಹೊತ್ತಿಗೆ ಹರಾಜು ಮುಗಿದಿತ್ತು. ಮಾರನೇ ದಿನ ಮೆತ್ತಗಾದ ಹಣ್ಣಿಗೆ ಬಂದ ದುಡ್ಡು ಕೂಲಿಗೂ ಬಾಡಿಗೆಗೂ ಸರಿಹೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ.

ಆಗ ನಾನೂ ಬೈದಿದ್ದು ಎಂಜಿನ್ ಕೆಲಸವನ್ನೇ. "ಹಳೇ ಎಂಜಿನ್ ಬಿಚ್ಚಿದ್ರೆ ಮುಗೀತು, ಮತ್ತೆ ಸರಿ ಹೋಗಲ್ಲ" ಅಂತ. ಈಗ ಅನ್ನಿಸುತ್ತೆ, ಕುಣಿಯೋಕೆ ಬರದವಳು ನೆಲ ಡೊಂಕು ಅಂದ ಹಾಗೆ ಅದು. ನಾನು ಮಾಡಿಸಿದ್ದು ಎಂಜಿನ್ ಕೆಲಸವೇ ಅಲ್ಲ, ತೇಪೆ. ನಮ್ಮ ಊರುಗಳಲ್ಲಿ ಬೋರ್ ಕೆಲಸಕ್ಕೆ ಕೆಟ್ಟ ಹೆಸರು ಬಂದಿರೋದು ಇಂಥ ತೇಪೆಗಳಿಂದಲೇ.

ಈಗ ಗುಜರಿ ಎಂಜಿನ್ ವಿಷಯಕ್ಕೆ ಬರೋಣ. ಅದನ್ನು ಯಾವ ಗಾಡಿಯಿಂದ ಇಳಿಸಿದ್ದು? ಆ ಗಾಡಿ ಯಾಕೆ ಗುಜರಿಗೆ ಬಂತು? ಆಕ್ಸಿಡೆಂಟೋ, ನೀರಲ್ಲಿ ಮುಳುಗಿದ್ದೋ, ಎಂಜಿನ್ ಹೋಗಿದ್ದಕ್ಕೇ ಮಾರಿದ್ದೋ? ಎಷ್ಟು ಕಿಲೋಮೀಟರ್ ಓಡಿದೆ? ಅಂಗಡಿಯವರು ಡೀಸೆಲ್ ಹಾಕಿ ಸ್ಟಾರ್ಟ್ ಮಾಡಿ ತೋರಿಸ್ತಾರೆ, "ಶಬ್ದ ಕೇಳಿ ಸ್ವಾಮಿ, ಹೊಸದಿದ್ದಂಗೈತೆ" ಅಂತಾರೆ. ಲೋಡ್ ಇಲ್ಲದೆ ನಿಂತಲ್ಲೇ ಐದು ನಿಮಿಷ ಓಡೋ ಎಂಜಿನ್ ಶಬ್ದದಲ್ಲಿ ಏನು ಗೊತ್ತಾಗುತ್ತೆ? ಆಯಿಲ್ ಪ್ರೆಶರ್ ಬೀಳೋದು ಎಂಜಿನ್ ಚೆನ್ನಾಗಿ ಕಾದ ಮೇಲೆ. ಗಟ್ಟಿ ಆಯಿಲ್ ಹಾಕಿದ್ರೆ ಸವೆದ ಬೇರಿಂಗ್ ಕೂಡ ಸ್ವಲ್ಪ ಹೊತ್ತು ಸುಮ್ಮನಿರುತ್ತೆ. ಹಸು ಕೊಳ್ಳೋವಾಗ ಹಲ್ಲು ನೋಡ್ತೀವಿ, ಕೆಚ್ಚಲು ಮುಟ್ತೀವಿ, ಎರಡು ಹೊತ್ತು ಹಾಲು ಕರೆದು ನೋಡ್ತೀವಿ. ಎಂಜಿನ್ ಮಾತ್ರ ಕಣ್ಣು ಮುಚ್ಚಿ ತರ್ತೀವಿ.

ಇನ್ನೊಂದು, ಎಂಜಿನ್ ನಂಬರ್. ಅದು ಬ್ಲಾಕ್ ಮೇಲೆ ಇರುತ್ತೆ, ಆರ್‌ಸಿಯಲ್ಲೂ ಇರುತ್ತೆ. ಬೇರೆ ಎಂಜಿನ್ ಕೂರಿಸಿದ್ರೆ ಎರಡೂ ತಾಳೆ ಆಗಲ್ಲ. ಆರ್‌ಟಿಓದಲ್ಲಿ ಕಾಗದ ಕೊಟ್ಟು ಹೊಸ ನಂಬರ್ ಆರ್‌ಸಿಗೆ ಹತ್ತಿಸಬೇಕು, ಅದಕ್ಕೆ ಎಂಜಿನ್ ಕೊಂಡ ಸರಿಯಾದ ಬಿಲ್ ಬೇಕು. ನಮ್ಮ ಹಳೇ ಗೂಡ್ಸ್ ಗಾಡಿಗಳಿಗೆ ವರ್ಷವರ್ಷ ಎಫ್‌ಸಿ ಇದೆ. 15 ವರ್ಷ ದಾಟಿದ ಗಾಡಿಗೆ 2022ರ ಏಪ್ರಿಲ್‌ನಿಂದ ಎಫ್‌ಸಿ ಫೀಸೂ ಏರಿದೆ. ಅದರ ಜೊತೆಗೆ ಈ ತಲೆನೋವೂ ಯಾಕೆ? ನನ್ನ ಸ್ನೇಹಿತರೊಬ್ಬರು ಬಿಲ್ ಇಲ್ಲದ ಎಂಜಿನ್ ಕೂರಿಸಿ, ಎಫ್‌ಸಿ ದಿನ ನಂಬರ್ ತಾಳೆ ಆಗದೆ ವಾಪಸ್ ಬಂದ್ರು. ಆ ಎಂಜಿನ್ ಯಾವುದೋ ಕಳ್ಳತನದ ಗಾಡಿದ್ದಾಗಿದ್ರೆ ಸ್ಟೇಷನ್ ಮೆಟ್ಟಿಲು ಹತ್ತೋರು ಯಾರು, ಮಾರಿದವರೋ ನಾವೋ? ನಮ್ಮ ಬ್ಲಾಕನ್ನೇ ಉಳಿಸ್ಕೊಂಡು ಕೆಲಸ ಮಾಡಿಸಿದ್ರೆ ಈ ಗೊಡವೆಯೇ ಇಲ್ಲ.

ಇನ್ನು ದುಡ್ಡಿನ ಮಾತು. ಕಳೆದ ವರ್ಷ ಬೆಳೆ ಇಲ್ಲದ ತಿಂಗಳು ನೋಡಿ ಎಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಿಸಿದೆ. ನನ್ನ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ ಇದು:

ಪಿಸ್ಟನ್, ರಿಂಗ್, ಸ್ಲೀವ್ ಸೆಟ್ – 24,000
ಬೇರಿಂಗ್, ಗ್ಯಾಸ್ಕೆಟ್, ಆಯಿಲ್ ಸೀಲ್ – 13,500
ಲೇತ್ ಕೆಲಸ (ಬೋರ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್, ವಾಲ್ವ್) – 16,000
ಡೀಸೆಲ್ ಪಂಪ್, ನೋಜಲ್ ಸರ್ವಿಸ್ – 14,500
ಆಯಿಲ್ ಪಂಪ್, ವಾಟರ್ ಪಂಪ್, ರೇಡಿಯೇಟರ್ ಕ್ಲೀನಿಂಗ್, ಹೋಸ್ – 13,000
ಮೆಕ್ಯಾನಿಕ್ ಕೂಲಿ – 15,000
ಆಯಿಲ್, ಫಿಲ್ಟರ್, ಕೂಲಂಟ್ – 5,000
ಒಟ್ಟು – 1,01,000

ಅದೇ ವಾರ ಗುಜರಿ ಎಂಜಿನ್‌ಗೆ ನನಗೆ ಹೇಳಿದ ರೇಟು 70,000. ಇಳಿಸಿ ಕೂರಿಸೋ ಕೂಲಿ 12,000. ಒಟ್ಟು 82,000. "ನೋಡಿ, 19,000 ಉಳೀತು" ಅಂತಾನೆ ನನ್ನ ಮಗ ಕೂಡ ವಾದ ಮಾಡಿದ. ಆದರೆ ಪಂಪ್, ನೋಜಲ್, ರೇಡಿಯೇಟರ್, ಹೋಸ್ ಕೆಲಸ ಆ ಎಂಜಿನ್‌ಗೂ ಬೇಕಲ್ಲಪ್ಪಾ? ಆ 27,500 ಸೇರಿಸಿದ್ರೆ 1,09,500 ಆಯ್ತು. ಇಷ್ಟು ಕೊಟ್ಟ ಮೇಲೂ ಒಳಗಿರೋ ಪಿಸ್ಟನ್ ಹಳೇದು, ಬೇರಿಂಗ್ ಹಳೇದು, ಗ್ಯಾರಂಟಿ ಅಂಗಡಿ ಬಾಗಿಲವರೆಗೆ ಮಾತ್ರ. ರೆಡಿ ಎಂಜಿನ್ ಅಗ್ಗ ಅನ್ನೋರು ಅರ್ಧ ಲೆಕ್ಕ ಹೇಳ್ತಾರೆ.

ಆದರೆ ನನ್ನ ದೊಡ್ಡ ತಕರಾರು ದುಡ್ಡಿಂದಲ್ಲ. ರೆಡಿ ಎಂಜಿನ್ ಹಾಕಿಸೋರು ಒಂದು ಪ್ರಶ್ನೆ ಕೇಳೋದೇ ಇಲ್ಲ: ಹಳೇ ಎಂಜಿನ್ ಯಾಕೆ ಸತ್ತಿತು?

ನನ್ನದು ಬಿಚ್ಚಿದಾಗ ಉತ್ತರ ಕಣ್ಣೆದುರೇ ಇತ್ತು. 407ರ ಹಳೇ ಎಂಜಿನ್ನನ್ನು 497 ಅಂತಾರೆ, ಅಂದ್ರೆ 4 ಸಿಲಿಂಡರ್, 97 ಮಿಲಿಮೀಟರ್ ಬೋರು. ಲೇತ್‌ನವರು ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ ಅಳತೆ ಹಿಡಿದ್ರು. ಕೆಳಗಡೆ ಹೆಚ್ಚು ಕಡಿಮೆ 97 ಇದೆ, ಮೇಲ್ಗಡೆ 97.28. ಧೂಳು ಕುಡಿದ ಎಂಜಿನ್ ಹೀಗೆ ಮೇಲ್ಗಡೆ ಸವೆಯುತ್ತೆ. ಹೋಗಿ ನೋಡಿದ್ರೆ ಏರ್ ಕ್ಲೀನರ್ ಹೋಸ್ ಕೆಳಭಾಗದಲ್ಲಿ ಬಿರುಕು. ಫಿಲ್ಟರ್ ಹೊಸದೇ ಹಾಕ್ತಿದ್ದೆ, ಧೂಳು ಮಾತ್ರ ಬಿರುಕಿನಿಂದ ನೇರ ಒಳಗೆ ಹೋಗ್ತಿತ್ತು. ಎರಡನೇದು, ವಾಟರ್ ಜಾಕೆಟ್ ತುಂಬ ಬಿಳೀ ಸುಣ್ಣ. ಯಾಕಂದ್ರೆ ನಾನು ರೇಡಿಯೇಟರ್‌ಗೆ ಹಾಕ್ತಿದ್ದದ್ದು ನಮ್ಮ ತೋಟದ ಬೋರ್‌ವೆಲ್ ನೀರು. ಅದೇ ನೀರಿಗೆ ಡ್ರಿಪ್ ಕಟ್ಟಿಕೊಳ್ಳುತ್ತೆ ಅಂತ ಆಸಿಡ್ ಬಿಟ್ಟು ತೊಳೀತೀವಿ. ಅದೇ ನೀರನ್ನ ರೇಡಿಯೇಟರ್‌ಗೆ ಸುರಿಯೋವಾಗ ಬುದ್ಧಿ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಈಗ ಹೇಳಿ. ನಾನು ಬಿಚ್ಚದೆ ರೆಡಿ ಎಂಜಿನ್ ಕೂರಿಸಿದ್ರೆ, ಅದಕ್ಕೂ ಅದೇ ಒಡಕು ಹೋಸು, ಅದೇ ಕಟ್ಟಿದ ರೇಡಿಯೇಟರು, ಅದೇ ಗಡಸು ನೀರು. ಒಂದೆರಡು ವರ್ಷದಲ್ಲಿ ಅದೂ ಸಾಯ್ತಿತ್ತು, "ಎಂಜಿನ್ ಸರಿಯಿರಲಿಲ್ಲ" ಅಂತ ಗುಜರಿಯವರನ್ನ ಬೈತಿದ್ದೆ. ಬೇರು ಕೊಳೆತು ಗಿಡ ಬಾಡಿದ್ರೆ ಅದೇ ಗುಂಡಿಗೆ ಹೊಸ ಸಸಿ ನೆಡ್ತೀವಾ?

ಕಂಪನಿಯವರೇ ಕೊಡೋ ಹೊಸ ಎಂಜಿನ್, ರೀಕಂಡೀಷನ್ ಎಂಜಿನ್ ಇದೆಯಲ್ಲ ಅಂತ ಕೇಳಬಹುದು. ಇದೆ. ಹಳೇದು ಕೊಟ್ಟು ರೀಕಂಡೀಷನ್ ಮಾಡಿದ್ದು ತಗೊಳ್ಳೋ ವ್ಯವಸ್ಥೆ ಟಾಟಾದವರಲ್ಲೂ ಇದೆ. ಅದು ಗುಜರಿ ಥರ ಅಲ್ಲ, ಬಿಲ್ ಇರುತ್ತೆ, ವಾರಂಟಿ ಇರುತ್ತೆ. ಬ್ಲಾಕ್ ಒಡೆದಿದ್ರೆ, ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತಾಗಿದ್ರೆ, ಕ್ರ್ಯಾಂಕನ್ನ ಹಿಂದೆಯೇ ಕೊನೇ ಸೈಜಿನವರೆಗೆ ಗ್ರೈಂಡ್ ಮಾಡಿಸಿ ಮುಗಿದಿದ್ರೆ, ಅಲ್ಲಿಗೆ ಹೋಗಿ, ನಾನೂ ಬೇಡ ಅನ್ನಲ್ಲ. ದಿನಾ ಬಾಡಿಗೆ ಹೊಡೆಯೋರಿಗೆ 20 ದಿನ ಗಾಡಿ ನಿಲ್ಲಿಸಿದ್ರೆ ಕಂತು ಕಟ್ಟೋಕಾಗಲ್ಲ, ಅವರ ಲೆಕ್ಕವೂ ಬೇರೆ. ಆದರೆ ವರ್ಷಕ್ಕೆ ನಾಲ್ಕೈದು ತಿಂಗಳು ಗಾಡಿ ಓಡಿಸೋ ನಮ್ಮಂಥೋರಿಗೆ ಅಷ್ಟು ದುಡ್ಡು ಹಾಕೋ ಅಗತ್ಯ ಬಹಳ ಸಲ ಇರಲ್ಲ. ನನ್ನ ಕ್ರ್ಯಾಂಕು ಮೊದಲನೇ ಸಲ ಹತ್ತು ಸೈಜಿಗೆ ಗ್ರೈಂಡ್ ಆಯ್ತು, ಅಂದ್ರೆ ಕಾಲು ಮಿಲಿಮೀಟರ್. ಇನ್ನೂ ಇಪ್ಪತ್ತು, ಮೂವತ್ತು ಸೈಜು ಬಾಕಿ ಇದೆ. ಅಂಥ ಎಂಜಿನ್ನನ್ನ ಎಸೆಯೋದು ಯಾವ ನ್ಯಾಯ?

2023ರ ಜುಲೈ ನೆನಪು ಮಾಡ್ಕೊಳ್ಳಿ. 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಆ ಬೆಲೆ ನೋಡಿ ಸಾಲ ಮಾಡಿ ಹೊಸ ಗಾಡಿ ತಂದವರು ನಮ್ಮ ಸುತ್ತಲೂ ಇದ್ದಾರೆ. ಎರಡೇ ತಿಂಗಳಲ್ಲಿ ಬೆಲೆ ನೆಲ ಕಚ್ಚಿತು. ಟೊಮೊಟೊ ರೇಟು ಇಳಿದ್ರೆ ಕಂತು ಇಳಿಯಲ್ಲ. ಬೆಲೆ ನಮ್ಮ ಕೈಯಲ್ಲಿಲ್ಲ. ಖರ್ಚನ್ನಾದರೂ ಕೈಯಲ್ಲಿ ಇಟ್ಕೋಬೇಕು.

ಕೆಲಸ ಮಾಡಿಸೋರಿಗೆ ನಾನು ಕಲಿತ ನಾಲ್ಕು ಮಾತು. ಮೊದಲು ಹೊಗೆ ನೋಡಿ: ನೀಲಿ ಹೊಗೆ ಆದ್ರೆ ಆಯಿಲ್ ಉರೀತಾ ಇದೆ. ಕಪ್ಪು ಹೊಗೆ ಆದ್ರೆ ಏರ್ ಫಿಲ್ಟರ್, ನೋಜಲ್, ಪಂಪ್ ನೋಡಿಸಿ, ಎಂಜಿನ್ ಇಳಿಸೋದೇ ಬೇಡದಿರಬಹುದು. ಎರಡನೇದು, ಬಿಚ್ಚಿದ ಮೇಲೆ ಅಳತೆ ಬರೆದು ಕೊಡಿ ಅಂತ ಕೇಳಿ, ಅಳತೆ ನೋಡಿದ ಮೇಲೇ ಸಾಮಾನು ತನ್ನಿ. ಬ್ಲಾಕು, ಹೆಡ್ಡು ಬಿರುಕು ಬಿಟ್ಟಿದೆಯಾ ಅಂತ ಖಂಡಿತ ಚೆಕ್ ಮಾಡಿಸಿ. ಮೂರನೇದು, ಜೋಡಿಸೋ ದಿನ ನೀವೇ ಅಲ್ಲಿರಿ. ಆಯಿಲ್ ದಾರಿಗಳನ್ನ ತೊಳೆದು ಗಾಳಿ ಹೊಡೆದ್ರಾ, ಬೋಲ್ಟುಗಳನ್ನ ಟಾರ್ಕ್ ರೆಂಚ್‌ನಲ್ಲಿ ಬಿಗಿದ್ರಾ, ಕಣ್ಣಾರೆ ನೋಡಿ. ನಾಲ್ಕನೇದು, ಮೊದಲ ಸಾವಿರ ಕಿಲೋಮೀಟರ್ ಅರ್ಧ ಲೋಡಲ್ಲಿ ಓಡಿಸಿ, ಆಮೇಲೆ ಆಯಿಲ್ ಚೇಂಜ್ ಮಾಡಿಸಿ. ರೇಡಿಯೇಟರ್‌ಗೆ ಕೂಲಂಟ್ ಬಿಟ್ಟು ಬೇರೇನೂ ಬೇಡ.

ನನ್ನ ಗಾಡಿ ಈ ಸೀಸನ್ ಪೂರ್ತಿ ಓಡ್ತು. ಎರಡು ಆಯಿಲ್ ಚೇಂಜ್ ನಡುವೆ ಮೇಲೆ ಹಾಕಿದ ಆಯಿಲ್ ಅರ್ಧ ಲೀಟರೂ ಇಲ್ಲ. ಮಂಡಿಯಲ್ಲಿ ನಕ್ಕವರಿಗೆ ಇದೇ ನನ್ನ ಉತ್ತರ. ಆ ಆಯಿಲ್ ತಿನ್ನೋ ಗಾಡಿ ಅಣ್ಣನವರಿಗೆ ಒಂದೇ ಮಾತು: ಗುಜರಿ ಕಡೆ ಹೋಗೋ ಮುಂಚೆ ಒಂದ್ಸಲ ನಿಮ್ಮ ಏರ್ ಕ್ಲೀನರ್ ಹೋಸ್ ಕೆಳಗೆ ಕೈ ಹಾಕಿ ನೋಡಿ. ಆಮೇಲೂ ನಾನು ಹೇಳಿದ್ದು ತಪ್ಪು ಅನ್ಸಿದ್ರೆ, ಅದೇ ಟೀ ಅಂಗಡಿ ಹತ್ರ ಸಿಗ್ತೀನಿ, ಜಗಳ ಆಡೋಣ. ಟೀ ದುಡ್ಡು ನಂದು.