ಎರಡನೆಯ ಶಸ್ತ್ರಕ್ರಿಯೆ

ಈಚೆಗೆ ಉಡುಪಿಯಲ್ಲಿ ಒಂದು ಉಪನಯನದ ಊಟವಾದ ಬಳಿಕ ಚಾವಡಿಯಲ್ಲಿ ನಾಲ್ಕಾರು ಮಂದಿ ವಿದ್ಯಾವಂತರು ಕುಳಿತು ಮಾತನಾಡುತ್ತಿದ್ದರು. ಯಾರದೋ ಮನೆಯ ಹೆಣ್ಣುಮಗಳೊಬ್ಬಳು ಹಿಂದೆ ಸ್ತನಗಳ ಗಾತ್ರವನ್ನು ಹೆಚ್ಚಿಸುವ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡಿದ್ದಳಂತೆ. ಈಗ ಅದನ್ನು ಸರಿಪಡಿಸಿಕೊಳ್ಳಲು ಮತ್ತೊಮ್ಮೆ ಶಸ್ತ್ರಕ್ಕೆ ಮೈಯೊಡ್ಡಬೇಕಾಗಿದೆಯಂತೆ. "ಮಾಡಿದ್ದುಣ್ಣೋ ಮಹಾರಾಯ" ಎಂದು ಒಬ್ಬರು ತೀರ್ಪಿತ್ತರು. ಉಳಿದವರು ನಕ್ಕರು. ವೀಳ್ಯದ ತಟ್ಟೆ ಮುಂದಕ್ಕೆ ಸರಿಯಿತು. ಆ ಹೆಣ್ಣುಮಗಳು ನನ್ನ ತಂಗಿಯ ಮಗಳೆಂಬುದು ಅವರಿಗೆ ತಿಳಿದಿರಲಿಲ್ಲ. ಆ ನಗುವೇ ಈ ಲೇಖನಕ್ಕೆ ಕಾರಣವು. ಅವಳ ಅನುಮತಿಯನ್ನು ಪಡೆದು, ಹೆಸರನ್ನು ಮಾತ್ರ ಬಿಟ್ಟು, ನಡೆದುದನ್ನು ನಡೆದಂತೆಯೇ ಬರೆಯುತ್ತಿರುವೆನು.

ಅವಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಗ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಎದೆಯೊಳಗೆ ಸಿಲಿಕೋನಿನ ಚೀಲಗಳನ್ನು ಇರಿಸಿಕೊಂಡಳು. ತಾಯಿಗೆ ಹೇಳಲಿಲ್ಲ. ಹನ್ನೊಂದು ವರ್ಷಗಳು ಕಳೆದುವು. ನಡುವೆ ಮದುವೆಯಾಯಿತು, ಮಗುವಾಯಿತು. ಕಳೆದ ಮಳೆಗಾಲದಲ್ಲಿ ಎಡಭಾಗವು ಗಟ್ಟಿಯಾಗಿ ಮೇಲಕ್ಕೆ ಸರಿಯಿತು; ಆ ಮಗ್ಗುಲಿಗೆ ಮಲಗಿದರೆ ನೋವು. ಮಣಿಪಾಲದಲ್ಲಿರುವ ನನ್ನ ಮನೆಗೆ ಬಂದು ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಬೆಳಗ್ಗೆ, "ದೊಡ್ಡಮ್ಮ, ಇದನ್ನು ಯಾರಲ್ಲಿ ಹೇಳುವುದು?" ಎಂದಳು.

ಇಬ್ಬರೂ ಕೂಡಿ ಶಸ್ತ್ರವೈದ್ಯರಲ್ಲಿಗೆ ಹೋದೆವು. ಅವರು ಮೊದಲು ಕೇಳಿದ್ದು ಇಷ್ಟು: ಒಳಗಿರುವ ಚೀಲವು ಯಾವ ಕಂಪೆನಿಯದು? ಅದರ ಮೇಲ್ಮೈ ನಯವಾದುದೋ, ಒರಟಾದುದೋ? ಅದನ್ನು ಮಾಂಸಖಂಡದ ಮೇಲಿರಿಸಿದ್ದಾರೆಯೋ, ಕೆಳಗೋ? ಮೂರಕ್ಕೂ ಅವಳಲ್ಲಿ ಉತ್ತರವಿರಲಿಲ್ಲ. ಆ ಚಿಕಿತ್ಸಾಲಯವು ಮುಚ್ಚಿಹೋಗಿತ್ತು. ಅಲ್ಲಿಂದ ಕೊಟ್ಟಿದ್ದ ಕಾಗದಗಳನ್ನೂ ಚೀಟಿಯನ್ನೂ, ಗಂಡನ ಮನೆಯವರ ಕೈಗೆ ಸಿಕ್ಕೀತೆಂಬ ಭಯದಿಂದ, ಅವಳೇ ಸುಟ್ಟುಹಾಕಿದ್ದಳು.

ವಾಚಕರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂದು ವೈದ್ಯನ ಕೈಗೆ ಬೇಕಾದ ಕಾಗದವನ್ನು ಸುಟ್ಟದ್ದು ಚಾವಡಿಯ ಆ ನಗುವಿನ ಭಯ. ಆದುದರಿಂದ ನಾನು ಎರಡು ಆಪಾದನೆಗಳನ್ನು ಹೊರಿಸುತ್ತೇನೆ. ಎರಡನೆಯ ಶಸ್ತ್ರಕ್ರಿಯೆಯ ಮಾತನ್ನೆತ್ತದೆ ಮೊದಲನೆಯದನ್ನು ಮಾರುವವನು ವಂಚಕನು. ಎರಡನೆಯದಕ್ಕೆ ಬಂದವಳನ್ನು ಕಂಡು ನಗುವ ಮನೆಯು ಆ ವಂಚನೆಯಲ್ಲಿ ಪಾಲುದಾರನು.

ಮೊದಲನೆಯದನ್ನು ವಿಚಾರಿಸೋಣ. ಸಿಲಿಕೋನಿನ ಚೀಲವನ್ನು ಮೊತ್ತಮೊದಲು ಒಬ್ಬ ಹೆಂಗಸಿನ ಎದೆಯಲ್ಲಿರಿಸಿದುದು ೧೯೬೨ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಕ್ರೋನಿನ್ ಮತ್ತು ಗೆರೋ ಎಂಬ ಶಸ್ತ್ರವೈದ್ಯರಿಂದ. ಮೂವತ್ತು ವರ್ಷಗಳ ತರುವಾಯ, ೧೯೯೨ರಲ್ಲಿ, ಅದೇ ದೇಶದ ಆಹಾರ ಮತ್ತು ಔಷಧ ಆಡಳಿತವು ಇವುಗಳ ಸುರಕ್ಷಿತತೆಗೆ ಸಾಕಷ್ಟು ಪ್ರಮಾಣವಿಲ್ಲವೆಂದು, ಕೇವಲ ಅಂದಕ್ಕಾಗಿ ಬಳಸುವುದನ್ನು ತಡೆಯಿತು; ೨೦೦೬ರಲ್ಲಿ ಮರಳಿ ಒಪ್ಪಿಗೆಯಿತ್ತಿತು. ೨೦೧೦ರಲ್ಲಿ ಫ್ರಾನ್ಸಿನ ಒಂದು ಕಂಪೆನಿಯು ವೈದ್ಯಕೀಯಕ್ಕೆ ಸಲ್ಲದ, ಕಾರ್ಖಾನೆಯ ಸಿಲಿಕೋನನ್ನು ತುಂಬಿ ಚೀಲಗಳನ್ನು ಮಾರಿದುದು ಬಯಲಾಯಿತು. ಅದರ ಸ್ಥಾಪಕನಿಗೆ ೨೦೧೩ರಲ್ಲಿ ಸೆರೆವಾಸದ ಶಿಕ್ಷೆಯಾಯಿತು. ೨೦೧೯ರಲ್ಲಿ, ಒರಟು ಮೇಲ್ಮೈಯ ಒಂದು ಬಗೆಯ ಚೀಲಗಳನ್ನು ಅವುಗಳಿಗೆ ಸಂಬಂಧಿಸಿದ ಅಪೂರ್ವವಾದ ಲಿಂಫೋಮ ಎಂಬ ಅರ್ಬುದದ ಕಾರಣ ಲೋಕದ ಎಲ್ಲ ಮಾರುಕಟ್ಟೆಗಳಿಂದಲೂ ಹಿಂದೆಗೆದುಕೊಳ್ಳಲಾಯಿತು. ವೈದ್ಯರು ನಮ್ಮ ಹುಡುಗಿಯೊಡನೆ ನಯವೋ ಒರಟೋ ಎಂದು ಕೇಳಿದುದು ಇದಕ್ಕಾಗಿಯೇ.

ಈ ಚೀಲಗಳು ಆಜೀವ ಬಾಳತಕ್ಕವಲ್ಲವೆಂದು ಅದೇ ಆಡಳಿತವು ೨೦೧೧ರಲ್ಲಿಯೇ ಸಾರಿದೆ. ಗಾತ್ರವನ್ನು ಹೆಚ್ಚಿಸಿಕೊಂಡವರಲ್ಲಿ ಐವರಿಗೊಬ್ಬರಂತೆ ಹತ್ತು ವರ್ಷಗಳೊಳಗೆ ಅವನ್ನು ತೆಗೆಸಬೇಕಾಗಿ ಬರಬಹುದೆಂದೂ ತಿಳಿಸಿದೆ. ಕಾರಣವು ಗೂಢವಾದುದಲ್ಲ. ಪರವಸ್ತು ಯಾವುದೇ ಒಳಹೊಕ್ಕರೂ ದೇಹವು ಅದರ ಸುತ್ತ ಒಂದು ಪೊರೆಯನ್ನು ನೇಯುತ್ತದೆ. ಕೆಲವರಲ್ಲಿ ಆ ಪೊರೆಯು ದಪ್ಪವಾಗಿ ಬಿಗಿಯುತ್ತದೆ. ಆಗ ಎದೆ ಗಟ್ಟಿಯಾಗುವುದು, ಆಕಾರ ಕೆಡುವುದು, ನೋಯುವುದು. ಚೀಲದ ಹೊದಿಕೆ ಸವೆದು ಹರಿಯುವುದೂ ಉಂಟು. ಒಳಗಿನ ದ್ರವ್ಯವು ಅಂಟಾದುದರಿಂದ ಹರಿದುದು ಹೊರಗೆ ತಿಳಿಯದೆಯೇ ಇರಬಹುದು. ಇನ್ನು ಬಸಿರು, ಬಾಣಂತನ, ತೂಕದ ಏರಿಳಿತ, ವಯಸ್ಸು ಇವೆಲ್ಲವೂ ಮೈಯನ್ನು ಮಾರ್ಪಡಿಸುತ್ತಲೇ ಇರುವುವು. ೧೪೩೨ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ನಿಲ್ಲಿಸಿದ ಗೊಮ್ಮಟನ ಭುಜಗಳು ಶಿಲ್ಪಿ ಉಳಿಯನ್ನು ಕೆಳಗಿಟ್ಟಂದಿನಂತೆಯೇ ಇವೆ, ಅವು ಕಲ್ಲಿನವು. ಹೆಂಗಸಿನ ಮೈಯನ್ನು ಹಾಗೆ ಒಮ್ಮೆ ಕಡೆದು ಮುಗಿಸಿದೆನೆಂದು ಹೇಳುವವನು ಶಿಲ್ಪಿಯೂ ಅಲ್ಲ, ವೈದ್ಯನೂ ಅಲ್ಲ.

ಹೀಗಿರಲು ಚಿತ್ರಗಳನ್ನು ಹಚ್ಚಿ, ಕಂತಿನ ಮೇಲೆ ಹಣ ಕೊಡಿರೆಂದು ಕರೆದು, "ಒಂದೇ ದಿನದ ಕೆಲಸ" ಎಂದು ಸಾರುವ ಜಾಹಿರಾತುಗಳಿಗೆ ಏನೆನ್ನಬೇಕು? ಜಾಹಿರಾತಿನಿಂದ ರೋಗಿಗಳನ್ನು ಸೆಳೆಯಬಾರದೆಂದು ನಮ್ಮ ದೇಶದ ವೈದ್ಯರ ನಡತೆಯ ೨೦೦೨ರ ನಿಯಮಗಳಲ್ಲಿಯೇ ಇದೆ. ಚಿಕಿತ್ಸೆಯ ಸ್ವರೂಪ, ಅದಕ್ಕೆ ಬದಲಾದ ಮಾರ್ಗಗಳು, ಗಣ್ಯವಾದ ಅಪಾಯಗಳು ಇವನ್ನು ತಿಳಿಸಿಯೇ ಒಪ್ಪಿಗೆ ಪಡೆಯತಕ್ಕದ್ದೆಂದೂ, ಒಂದು ಶಸ್ತ್ರಕ್ರಿಯೆಗೆ ಕೊಟ್ಟ ಒಪ್ಪಿಗೆಯು ಇನ್ನೊಂದಕ್ಕೆ ಸಲ್ಲದೆಂದೂ ೨೦೦೮ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಎಳೆಯ ನಟಿಯೊಬ್ಬಳು ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ಬೆನ್ನಿಗೇ ತೀರಿಕೊಂಡಾಗ ನಾಡೆಲ್ಲ ಮರುಗಿತು. ಒಂದು ವಾರ ಮರುಗಿ, ಜಾಹಿರಾತುಗಳನ್ನು ಮತ್ತೆ ನೋಡತೊಡಗಿತು.

ಇನ್ನು ನಮ್ಮ ಮನೆಗಳ ಮಾತು. "ಕಾಯಿಲೆಯಾದರೆ ಸರಿ, ಅಂದಕ್ಕಾಗಿ ಮಾಡಿಸಿಕೊಂಡವಳಿಗೇಕೆ ಕನಿಕರ?" ಎಂಬ ಪ್ರಶ್ನೆಯನ್ನು ನಾನು ಕೇಳಿದ್ದೇನೆ. ಸ್ತನದ ಅರ್ಬುದಕ್ಕಾಗಿ ಎದೆಯನ್ನು ಕಳೆದುಕೊಂಡವಳಿಗೂ ಇಂಥ ಚೀಲವನ್ನೇ ಇರಿಸುತ್ತಾರೆ. ಅಲ್ಲಿಯೂ ಪೊರೆ ಬಿಗಿಯುತ್ತದೆ, ಅಲ್ಲಿಯೂ ಚೀಲ ಹರಿಯುತ್ತದೆ, ಅಲ್ಲಿ ಮರುಶಸ್ತ್ರದ ಸಂಭವವು ಇನ್ನೂ ಹೆಚ್ಚು. ಏಕೆ ಇರಿಸಿಕೊಂಡೆ ಎಂದು ಪೊರೆಯು ಕೇಳುವುದಿಲ್ಲ. ವೈದ್ಯನೂ ಕೇಳುವುದಿಲ್ಲ. ಕೇಳುವವರು ಚಾವಡಿಯವರು ಮಾತ್ರ. ಹೆಣ್ಣು ನೋಡಲು ಹೋದಾಗ "ಹುಡುಗಿ ತುಸು ಸೊರಗಿದ್ದಾಳೆ" ಎಂದು ಅವಳ ಕಿವಿಗೇ ಬೀಳುವಂತೆ ನುಡಿದವರು ಯಾರು? ಆ ಮಾತನ್ನು ಆಡುವಾಗ ಇಲ್ಲದ ಸಂಕೋಚವು ಅವಳು ಅದನ್ನು ನಂಬಿ ಹಣ ತೆತ್ತಾಗ ನಮಗೆ ಎಲ್ಲಿಂದ ಬಂತು?

ಎದುರುಪಕ್ಷದಲ್ಲಿ ಇನ್ನೊಂದು ಗದ್ದಲವೂ ಎದ್ದಿದೆ: ಇರುವ ಚೀಲಗಳನ್ನೆಲ್ಲ ಇಂದೇ ಕಿತ್ತೆಸೆಯಿರಿ, ಸಕಲ ರೋಗಗಳಿಗೂ ಅವೇ ಮೂಲವೆಂಬುದು. ಇದನ್ನೂ ನಾನು ಒಪ್ಪಲಾರೆ. ಹಿಂದೆಗೆದುಕೊಂಡ ಆ ಒರಟು ಚೀಲಗಳನ್ನು ಸಹ, ಯಾವ ತೊಂದರೆಯೂ ಇಲ್ಲದವರು ತೆಗೆಸಬೇಕೆಂದು ಅಮೆರಿಕದ ಆಡಳಿತವು ಹೇಳಲಿಲ್ಲ. ಹಲವು ವರ್ಷಗಳ ತರುವಾಯ ಒಂದು ಪಕ್ಕವು ತಟಕ್ಕನೆ ಊದಿಕೊಂಡರೆ, ಗಂಟು ಕಂಡರೆ, ಆಗ ಒಂದು ದಿನವೂ ತಡೆಯದೆ ವೈದ್ಯರನ್ನು ಕಾಣಬೇಕು. ಆ ಅರ್ಬುದವು ಬೇಗ ತಿಳಿದರೆ ಚೀಲವನ್ನೂ ಪೊರೆಯನ್ನೂ ತೆಗೆಯುವುದರಿಂದಲೇ ಬಹುಮಟ್ಟಿಗೆ ವಾಸಿಯಾಗುವಂಥದು. ಉಳಿದಂತೆ ಎರಡನೆಯ ಶಸ್ತ್ರಕ್ರಿಯೆಯು ಆಲೋಚಿಸಿ ಮಾಡತಕ್ಕ ಕೆಲಸ. ಅದು ಮೊದಲನೆಯದಕ್ಕಿಂತ ತೊಡಕಿನದು; ಹಳೆಯ ಗಾಯದ ಕಲೆಯ ನಡುವೆ ಕೈಯಾಡಿಸಬೇಕು; ಬಿಗಿದ ಪೊರೆಯನ್ನು ತೆಗೆದರೂ ಮತ್ತೆ ಬಿಗಿಯಬಹುದು. ಸೋಂಕು, ರಕ್ತಸ್ರಾವದಂಥ ಅವಸರವಿಲ್ಲದಿದ್ದರೆ, ಮೊದಲನೆಯದಾದ ಆರು ತಿಂಗಳೊಳಗೆ ಆಕಾರದ ಬಗೆಗೆ ತೀರ್ಮಾನಿಸುವುದೂ ತರವಲ್ಲ. ಬಾವು ಇಳಿಯಲು ಕಾಲ ಬೇಕು.

ಈ ಕವಲಿನಲ್ಲಿ ನಿಂತ ಸೋದರಿಯು ವೈದ್ಯರಲ್ಲಿ ಕೇಳಬೇಕಾದುವು ಹಲವಿವೆ. ಚೀಲ ಹರಿದಿದೆಯೆ, ಅದನ್ನು ಎಂ.ಆರ್.ಐ.ಯಿಂದ ನೋಡಿದಿರಾ? ಹಳೆಯದನ್ನು ತೆಗೆದು ಹೊಸದನ್ನು ಇರಿಸುವುದೋ, ಏನನ್ನೂ ಇರಿಸದೆ ಬಿಡುವುದೋ? ಬಿಟ್ಟರೆ ಜೋಲುವ ಚರ್ಮವನ್ನು ಎತ್ತಿ ಹೊಲಿಯಬೇಕಾದೀತೆ? ಪೊರೆಯನ್ನು ಪೂರ್ತಿ ತೆಗೆಯುವಿರಾ, ಭಾಗಶಃವೆ, ಏಕೆ? ತೆಗೆದುದನ್ನು ಪರೀಕ್ಷೆಗೆ ಕಳುಹಿಸುವಿರಾ? ಇಂಥ ಶಸ್ತ್ರಕ್ರಿಯೆಗಳನ್ನು ತಾವು ಎಷ್ಟು ಮಾಡಿದ್ದೀರಿ? ಈ ಕೊನೆಯ ಪ್ರಶ್ನೆಗೆ ಮುನಿಯುವ ವೈದ್ಯರನ್ನು ಬಿಟ್ಟು ಬೇರೊಬ್ಬರಲ್ಲಿಗೆ ಹೋಗತಕ್ಕದ್ದು. ಸ್ತನದ ಎಕ್ಸ್-ರೇ ತೆಗೆಸುವಾಗ ಒಳಗೆ ಚೀಲವಿರುವುದನ್ನು ಮುಂಚಿತವಾಗಿ ಹೇಳತಕ್ಕದ್ದು. ಚೀಲದ ಚೀಟಿಯನ್ನು ತಾಳಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಹಣದ ಮಾತನ್ನೂ ಮರೆಯಲಾಗದು. ಅಂದಕ್ಕಾಗಿ ಮಾಡಿಸಿದ ಶಸ್ತ್ರಕ್ರಿಯೆಯ ವೆಚ್ಚವನ್ನು ಆರೋಗ್ಯ ವಿಮೆಯು ಸಾಮಾನ್ಯವಾಗಿ ಕೊಡುವುದಿಲ್ಲ. ೧೯೨೮ರಲ್ಲಿ ನಮ್ಮ ಉಡುಪಿಯಿಂದಲೇ ಮನೆಮನೆಗೆ ಹೋಗಿ ದಿನಕ್ಕೆರಡಾಣೆ ಕೂಡಿಸುವ ಪಿಗ್ಮಿ ಠೇವಣಿಯು ಹೊರಟಿತು. ಅದನ್ನು ನಡೆಸಿದ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಡಾಕ್ಟರ್ ಟಿ. ಎಂ. ಎ. ಪೈಗಳೇ ೧೯೫೩ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಮುಂದೆ ಬರುವ ವೆಚ್ಚವನ್ನು ಇಂದೇ ಎಣಿಸುವುದು ಈ ಊರಿಗೆ ಹೊಸ ಪಾಠವಲ್ಲ. ಮಗಳ ಮದುವೆಯ ಲೆಕ್ಕವನ್ನು ಕಾಸುಕಾಸಾಗಿ ಬರೆದಿಡುವ ನಮಗೆ, ಅವಳ ಮೈಗೆ ಬಂದ ಲೆಕ್ಕವನ್ನು ಅವಳೊಡನೆ ಕುಳಿತು ಬರೆಯಲು ಬಾರದೆ?

ನನ್ನ ತಂಗಿಯ ಮಗಳು ಇನ್ನೂ ತೀರ್ಮಾನಿಸಿಲ್ಲ. ಎಂ.ಆರ್.ಐ.ಯಲ್ಲಿ ಚೀಲ ಹರಿದುದು ಕಾಣಲಿಲ್ಲ. ಪೊರೆ ಬಿಗಿದುದು ನಿಜ. ತೆಗೆಸಿ ಹಾಗೆಯೇ ಬಿಡುವುದೆಂದು ಒಂದು ದಿನ ಹೇಳುತ್ತಾಳೆ, ಬದಲಿಸುವುದೆಂದು ಇನ್ನೊಂದು ದಿನ. ಅದು ಅವಳ ಮೈ; ಆಯ್ಕೆಯೂ ಅವಳದೇ. ನಾನು ಮಾಡಿದುದು ಇಷ್ಟೇ: ಅವಳ ತಾಯಿಯನ್ನು ಕರೆಯಿಸಿದೆನು. ತಂಗಿಯು ಬಂದು, ಎಲ್ಲವನ್ನೂ ಕೇಳಿ, ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮಗಳ ತಲೆಗೆ ಎಣ್ಣೆ ಹಚ್ಚಲು ಕುಳಿತಳು.

ಚಾವಡಿಯ ಮಹನೀಯರಲ್ಲಿ ನನ್ನ ಅರಿಕೆಯು ಒಂದೇ. ಮುಂದಿನ ಸಲ ಇಂಥ ಮಾತು ಬಂದಾಗ, ನಗುವ ಮೊದಲು, ಒಳಗೆ ಬಡಿಸುತ್ತಿರುವ ಹೆಂಗಸರಲ್ಲಿ ಯಾರ ಕೈ ತಡೆಯಿತೆಂದು ಒಮ್ಮೆ ತಿರುಗಿ ನೋಡಿರಿ.