ಹುತ್ತ ಕೆಡವಿ ಹುತ್ತದ ಪಾಠ

ಕನ್ನಡದ ಅಧ್ಯಾಪಕನಿಗೆ ಇಂಜಿನಿಯರಿಂಗ್ ಶಿಕ್ಷಣದ ಗೊಡವೆ ಏಕೆ ಎಂದು ಕೆಲವರಾದರೂ ಕೇಳುವರು. ಕೇಳುವುದು ನ್ಯಾಯವೇ. ಆದರೆ ವಾರಕ್ಕೊಂದು ಗಂಟೆ ನಾನೂ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಕನ್ನಡ ಪಾಠಕ್ಕೆಂದು ಹೋಗಿಬರುವವನು. ಆ ಒಂದು ಗಂಟೆಯ ಹಕ್ಕಿನಿಂದಲೂ, ಅಲ್ಲಿ ನಡೆದ ಒಂದು ತಪ್ಪಿನಲ್ಲಿ ನಾನೂ ಪಾಲುಗಾರನಾದುದರಿಂದಲೂ ಈ ನಾಲ್ಕು ಮಾತನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ವಸ್ತುಪ್ರದರ್ಶನ ನಡೆಯಿತು. ನಿಸರ್ಗವನ್ನು ನೋಡಿ ಕಲಿತು, ನೆಲಜಲಗಳಿಗೆ ಕೇಡಾಗದಂಥ, ಮುಂದಿನವರಿಗೂ ಉಳಿಯುವಂಥ ತಂತ್ರಜ್ಞಾನವನ್ನು ರೂಪಿಸುವುದು ಹೇಗೆಂಬುದು ವಿಷಯ. ತೀರ್ಪುಗಾರರು ಮೂವರು, ವಿದ್ಯಾರ್ಥಿಗಳ ಮಾತುಗಾರಿಕೆಯನ್ನು ಅಳೆಯಲು ನಾನು ಮೂರನೆಯವನು. ಮೊದಲ ಬಹುಮಾನ ಒಂದು ಕಟ್ಟಡದ ಮಾದರಿಗೆ ಹೋಯಿತು. ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಎಂಬ ಕಟ್ಟಡ ಅದು. ಅದರ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅವರಿಗೆ ಸ್ಫೂರ್ತಿ ಗೆದ್ದಲಿನ ಹುತ್ತ. ರಾತ್ರಿಯ ತಂಪು ಗಾಳಿಯನ್ನು ಒಳಗೆಳೆದು, ದಪ್ಪ ಗೋಡೆ ನೆಲಗಟ್ಟುಗಳಲ್ಲಿ ಆ ತಂಪನ್ನು ಹಿಡಿದಿಟ್ಟು, ಹಗಲಿನ ಸೆಕೆಯನ್ನು ಚಿಮಣಿಗಳ ಮೂಲಕ ಮೇಲಕ್ಕೆ ಸಾಗಹಾಕುವ ಏರ್ಪಾಟು. ಹುಡುಗರು ಅದನ್ನು ಥರ್ಮೋಕೋಲಿನಲ್ಲಿ ಅಂದವಾಗಿ ಕಟ್ಟಿದ್ದರು. ಮಾತೂ ಸೊಗಸಾಗಿತ್ತು. ನಾನು ಧಾರಾಳವಾಗಿ ಅಂಕ ಕೊಟ್ಟೆ.

ಬಹುಮಾನ ಹಂಚಿ, ಕಾಫಿ ಕುಡಿದು, ಹಿಂದಿನ ಗೇಟಿನಿಂದ ಹೊರಟೆ. ಅಲ್ಲಿ ಬೇಲಿಯ ಪಕ್ಕದಲ್ಲಿ ಆಳೆತ್ತರದ ಒಂದು ಹುತ್ತವಿತ್ತು. ಎಷ್ಟೋ ವರ್ಷಗಳಿಂದ ನಾನು ಕಂಡಿದ್ದ ಹುತ್ತ. ಅಂದು ಅದು ಇರಲಿಲ್ಲ. ಹಸಿ ಮಣ್ಣು ಮಟ್ಟಸವಾಗಿತ್ತು; ಅದರ ಮೇಲೆ ನಾಲ್ಕು ಕಾರುಗಳು ನಿಂತಿದ್ದವು. ಕಾವಲುಗಾರನನ್ನು ಕೇಳಿದೆ.

"ಎರಡು ದಿವ್ಸ ಆಯ್ತು ಸಾರ್. ಗೆಸ್ಟುಗಳ ಕಾರು ನಿಲ್ಸೋಕೆ ಜಾಗ ಬೇಕು ಅಂತ ಜೆಸಿಬಿ ತಂದು ಕೆಡವಿದ್ರು. ಮತ್ತೆ ಏಳಬಾರ್ದು ಅಂತ ಔಷಧಾನೂ ಹುಯ್ದವ್ರೆ" ಎಂದ.

ಆ ಅತಿಥಿಗಳಲ್ಲಿ ನಾನೂ ಒಬ್ಬ. ಒಳಗೆ ಹುತ್ತದ ಗುಣಗಾನಕ್ಕೆ ಬಹುಮಾನ. ಹೊರಗೆ ಹುತ್ತಕ್ಕೆ ವಿಷ. ಇಡೀ ಕಾಲೇಜಿನಲ್ಲಿ ಯಾರಿಗೂ, ಬಹುಮಾನ ಪಡೆದ ಹುಡುಗರಿಗೂ, ಕೊಟ್ಟ ನಮಗೂ, ಇವೆರಡಕ್ಕೂ ಏನಾದರೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ. ನನ್ನ ಆಕ್ಷೇಪಣೆಯೆಲ್ಲ ಇಷ್ಟೆ: ನಾವು ನಿಸರ್ಗದಿಂದ ಕಲಿಯುವುದನ್ನು ಕಲಿಸುತ್ತಿಲ್ಲ, ನಿಸರ್ಗದಿಂದ ಬೇರೆ ಯಾರೋ ಕಲಿತ ಸುದ್ದಿಯನ್ನು ಕಲಿಸುತ್ತಿದ್ದೇವೆ.

ಈಚಿನ ಕೆಲವು ವರ್ಷಗಳಿಂದ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಜಿನಿಯರುಗಳಿಗೆಂದೇ ಜೀವಶಾಸ್ತ್ರದ ಪಾಠವೊಂದು ಬಂದಿದೆ. ಒಳ್ಳೆಯದೇ ಆಯಿತು, ಯಂತ್ರ ಕಲಿಯುವವನಿಗೆ ಜೀವದ ಪರಿಚಯ ಬೇಡವೆನ್ನುವವನು ನಾನಲ್ಲ. ಪಠ್ಯದ ಪಟ್ಟಿಯನ್ನು ತೆರೆದು ನೋಡಿದರೆ ತಾವರೆಯ ಎಲೆ ಇದೆ, ಬಟ್ಟೆಗೆ ಅಂಟುವ ಕಾಯಿ ಇದೆ, ಶಾರ್ಕ್ ಮೀನಿನ ಚರ್ಮವಿದೆ, ಮಿಂಚುಳ್ಳಿಯ ಕೊಕ್ಕಿದೆ. ಆದರೆ ಪಾಠ ನಡೆಯುವುದು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಪರದೆಯ ಮೇಲೆ. ಎಡಗಡೆ ಹಕ್ಕಿಯ ಚಿತ್ರ, ಬಲಗಡೆ ರೈಲಿನ ಚಿತ್ರ, ನಡುವೆ ಒಂದು ಬಾಣದ ಗುರುತು. ಆ ಬಾಣದ ಗುರುತಿನೊಳಗೆ ಮನುಷ್ಯನೊಬ್ಬನ ಎಷ್ಟು ಕಾಲದ ನೋಟ ಅಡಗಿದೆಯೆಂಬುದನ್ನು ಯಾರೂ ಹೇಳುವುದಿಲ್ಲ.

ಆ ರೈಲಿನ ಕತೆಯನ್ನೇ ನೋಡೋಣ. ಜಪಾನಿನ ಬುಲೆಟ್ ರೈಲು ಸುರಂಗವನ್ನು ಹೊಕ್ಕಾಗ ಮುಂದಿನ ಗಾಳಿ ಒತ್ತಿಕೊಂಡು, ಇನ್ನೊಂದು ತುದಿಯಲ್ಲಿ ಸಿಡಿಲಿನಂತೆ ಸದ್ದು ಮಾಡುತ್ತಿತ್ತು. ಸುತ್ತಲಿನ ಜನರಿಗೆ ನೆಮ್ಮದಿ ಇರಲಿಲ್ಲ. ಈ ತೊಡಕನ್ನು ಬಿಡಿಸಿದ ಇಂಜಿನಿಯರ್ ಏಜಿ ನಕಾತ್ಸು. ಗಾಳಿಯಿಂದ ನೀರಿಗೆ ಸದ್ದಿಲ್ಲದೆ ಧುಮುಕುವ ಮಿಂಚುಳ್ಳಿಯ ಕೊಕ್ಕನ್ನು ನೆನೆದು, ರೈಲಿನ ಮೂತಿಯನ್ನು ಹದಿನೈದು ಮೀಟರು ಉದ್ದಕ್ಕೆ ಚೂಪಾಗಿ ಮಾಡಿಸಿದರು. 1997ರಲ್ಲಿ ಆ ರೈಲು ಗಂಟೆಗೆ 300 ಕಿಲೋಮೀಟರು ವೇಗದಲ್ಲಿ ಓಡಿತು. ನಮ್ಮ ಹುಡುಗರಿಗೆ ಇದಿಷ್ಟೂ ಕಂಠಪಾಠ. ಆದರೆ ನಕಾತ್ಸು ಹಕ್ಕಿ ನೋಡುವ ಹವ್ಯಾಸದವರಾಗಿದ್ದರು ಎಂಬ ಮುಖ್ಯ ಸಂಗತಿ ಪರೀಕ್ಷೆಗೆ ಬರುವುದಿಲ್ಲ. ತೊಡಕು ಎದುರಾದ ದಿನ ಅವರು ಹಕ್ಕಿಯನ್ನು ಹುಡುಕಿಕೊಂಡು ಹೊರಡಲಿಲ್ಲ. ಹಕ್ಕಿ ಮೊದಲೇ ಅವರ ಕಣ್ಣಿನಲ್ಲಿತ್ತು.

ಪ್ರದರ್ಶನದ ದಿನ ಆ ರೈಲಿನ ಮಾದರಿ ಮಾಡಿದ್ದ ಹುಡುಗನನ್ನು "ಮಿಂಚುಳ್ಳಿ ನೋಡಿದ್ದೀಯೇನಪ್ಪ?" ಎಂದು ಕೇಳಿದೆ. "ವಿಡಿಯೋದಲ್ಲಿ ನೋಡಿದೀನಿ ಸಾರ್" ಎಂದ. ಕಾಲೇಜಿನ ಕಾಂಪೌಂಡಿನ ಆಚೆ ಒಂದು ಕೆರೆ ಇದೆ. ಅರ್ಧ ಹೂಳು ತುಂಬಿದ್ದರೂ ಕೆರೆಯೇ. ಅದರ ಮೇಲೆ ಹಾದ ವಿದ್ಯುತ್ ತಂತಿಯಲ್ಲಿ ಪ್ರತಿ ಬೆಳಗ್ಗೆ ಮಿಂಚುಳ್ಳಿ ಕೂತಿರುತ್ತದೆ. ಹುಡುಗನನ್ನು ನಾನು ದೂರುವುದಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವನ ಗುರುಗಳು ಅವನನ್ನು ಆ ಗೇಟಿನಾಚೆ ಕರೆದೊಯ್ಯಲಿಲ್ಲವಲ್ಲ!

ಎರಡನೆಯ ಮಾತು ಇನ್ನೂ ಕಹಿಯಾದುದು. ಅಮೆರಿಕದ ಜನೈನ್ ಬೆನ್ಯುಸ್ ಎಂಬಾಕೆ 1997ರಲ್ಲಿ 'ಬಯೋಮಿಮಿಕ್ರಿ' ಎಂಬ ಪುಸ್ತಕವನ್ನು ಬರೆದು ಈ ವಿದ್ಯೆಗೆ ಹೆಸರು ತಂದರು. ನಿಸರ್ಗ ನಮಗೆ ಮಾದರಿ, ಅಳತೆಗೋಲು, ಗುರು ಎಂದು ಆಕೆ ಮೂರು ಬಗೆಯ ಸಂಬಂಧವನ್ನು ಹೇಳಿದರು. ನಾವು ಮೊದಲನೆಯದನ್ನು ಇಟ್ಟುಕೊಂಡು ಉಳಿದೆರಡನ್ನು ಗಾಳಿಗೆ ತೂರಿದ್ದೇವೆ.

ಅಂಟುವ ಕಾಯಿಯನ್ನೇ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ 1941ರಲ್ಲಿ ಬೇಟೆಯಿಂದ ಮರಳಿದಾಗ, ತನ್ನ ಬಟ್ಟೆಗೂ ನಾಯಿಯ ಕೂದಲಿಗೂ ಹತ್ತಿಕೊಂಡಿದ್ದ ಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಪುಟ್ಟ ಕೊಕ್ಕೆಗಳು ಕಂಡವು. ಹಲವು ವರ್ಷ ಹೆಣಗಿ ನೈಲಾನಿನಲ್ಲಿ ಅದೇ ಕೊಕ್ಕೆಯನ್ನು ಮಾಡಿದ. ಅದೇ ಇಂದು ನಮ್ಮ ಮಕ್ಕಳ ಚಪ್ಪಲಿಯ ಮೇಲೆ ಪರ್ರೆಂದು ಬಿಚ್ಚುವ ವೆಲ್ಕ್ರೊ. ಜಾಣತನದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದನ್ನು ನಿಸರ್ಗಸ್ನೇಹಿ ತಂತ್ರಜ್ಞಾನದ ಮೇಲ್ಪಂಕ್ತಿಯೆಂದು ಕಲಿಸುವುದು ಯಾವ ನ್ಯಾಯ? ನಮ್ಮ ಬೇಲಿಸಾಲಿನ ಉತ್ತರಾಣಿಯ ಕಾಯಿಯೂ ಸೀರೆಯಂಚಿಗೆ, ಪಂಚೆಗೆ ಅಂಟಿಕೊಂಡು ಊರೂರು ಸುತ್ತುತ್ತದೆ. ಕಿತ್ತು ಬಿಸುಟರೆ ಮಳೆಗೆ ಮೊಳೆಯುತ್ತದೆ, ಇಲ್ಲವೆ ಕೊಳೆತು ಮಣ್ಣಾಗುತ್ತದೆ. ನೈಲಾನಿನ ಕೊಕ್ಕೆ ಮೊಳೆಯುವುದೂ ಇಲ್ಲ, ಕೊಳೆಯುವುದೂ ಇಲ್ಲ. ಕೊಕ್ಕೆಯ ಆಕಾರವನ್ನು ಕದ್ದು ಕಾಯಿಯ ಧರ್ಮವನ್ನು ಬಿಟ್ಟರೆ ಅದು ಕಲಿಕೆಯಲ್ಲ, ನಕಲು. ಪರೀಕ್ಷೆಯಲ್ಲಿ ನಕಲು ಮಾಡಿದವನನ್ನು ಹೊರಗೆ ಕಳುಹಿಸುವ ನಾವು ಇಲ್ಲಿ ಮಾತ್ರ ಬೆನ್ನು ತಟ್ಟುತ್ತೇವೆ. ಆ ಪ್ರದರ್ಶನದ ಮಾದರಿಗಳೆಲ್ಲ ಥರ್ಮೋಕೋಲಿನವು. ಮರುದಿನ ಬೆಳಗ್ಗೆ ಅವು ಕಸದ ಲಾರಿಯಲ್ಲಿ ಹೋದವು.

ಮೂರನೆಯ ಸಂಬಂಧ ಗುರುವಿನದು. ಗುರುವಾದವನು ಒಮ್ಮೆ ಹೇಳಿ ಮುಗಿಸುವುದಿಲ್ಲ. ಶಿಷ್ಯ ತಪ್ಪು ತಿಳಿದರೆ ತಿದ್ದುತ್ತಾನೆ. ಹುತ್ತ ಹೀಗೆಯೇ ತಿದ್ದಿತು. ಹರಾರೆಯ ಕಟ್ಟಡ ಎದ್ದ ಕಾಲಕ್ಕೆ, ಹುತ್ತ ತನ್ನ ಒಳಗಿನ ಶಾಖವನ್ನು ಒಂದೇ ಸಮ ಇಟ್ಟುಕೊಳ್ಳಲು ಗಾಳಿಯಾಡಿಸುತ್ತದೆ ಎಂಬ ನಂಬಿಕೆ ಇತ್ತು. ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಎಂಬ ಸಂಶೋಧಕರು ಅಳೆದು ನೋಡಿ, ಹಾಗಲ್ಲವೆಂದು 2008ರಲ್ಲಿ ಬರೆದರು. ನೆಲದೊಳಗಿನ ಗೂಡಿನ ಶಾಖ ಸುತ್ತಲಿನ ಮಣ್ಣಿನ ಶಾಖವನ್ನೇ ಅನುಸರಿಸುತ್ತದೆ. ಮೇಲಿನ ಹುತ್ತ ಶ್ವಾಸಕೋಶದಂತೆ ಉಸಿರಾಟಕ್ಕಾಗಿ ಇರುವ ಅಂಗ. ಕಟ್ಟಡ ಕೆಟ್ಟದೆಂದು ಇದರ ಅರ್ಥವಲ್ಲ. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ಪಾಠ ಪೂರ್ಣವಾಗಿರಲಿಲ್ಲ.

ಮುಂದಿನ ಪಾಠ ಎಲ್ಲಿಯದು ಬಲ್ಲಿರಾ? ದಕ್ಷಿಣ ಭಾರತದ ಹುತ್ತಗಳದು! ಎಲ್. ಮಹಾದೇವನ್ ಮತ್ತು ಅವರ ಸಂಗಡಿಗರು ನಮ್ಮ ಕಡೆಯ ಹುತ್ತಗಳ ಒಳಗಿನ ಗಾಳಿಯನ್ನು ಅಳೆದು 2015ರಲ್ಲಿ ಪ್ರಕಟಿಸಿದರು. ಹುತ್ತದ ಹೊರಮೈಯಲ್ಲಿ ಏಣುಗಳಂತೆ ಎದ್ದಿರುವ ಭಾಗಗಳು ಹಗಲಿನಲ್ಲಿ ಬೇಗ ಕಾಯುತ್ತವೆ. ಅಲ್ಲಿ ಗಾಳಿ ಮೇಲೇರಿ, ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಹೊರಮೈ ಬೇಗ ತಣಿದು ಗಾಳಿ ತಿರುವುಮುರುವಾಗಿ ಹರಿಯುತ್ತದೆ. ಹಗಲುರಾತ್ರಿಗಳ ಅಂತರವೇ ಅದರ ತಿದಿ, ಬೇರೆ ಯಂತ್ರವಿಲ್ಲ. ಒಳಗೆ ಲಕ್ಷಾಂತರ ಗೆದ್ದಲುಗಳೂ ಅವು ಸಾಕಿದ ಶಿಲೀಂಧ್ರವೂ ಉಸಿರಾಡಬೇಕು. ಮೊದಲ ಮಳೆಗೆ ಹುತ್ತದ ಮೇಲೆ ಅಣಬೆ ಏಳುವುದನ್ನು ಹಳ್ಳಿಯ ಹೆಂಗಸರೆಲ್ಲ ಬಲ್ಲರು. ಅದು ಈ ಸಾಕಣೆಯ ಫಲವೆಂದು ಕಲಿತವರು ಬಂದು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ನಾವೋ, ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುತ್ತೇವೆ, ಪರದೆಯ ಮೇಲೆ ಅದಕ್ಕೆ ಕೈಮುಗಿಯುತ್ತೇವೆ, ಕಾರು ನಿಲ್ಲಿಸಲು ಅದಕ್ಕೆ ವಿಷ ಹೊಯ್ಯುತ್ತೇವೆ. ಮೂರರಲ್ಲೂ ಹುತ್ತವನ್ನು ಕಟ್ಟಿದವರು ಯಾರೆಂದು ಬಗ್ಗಿ ನೋಡುವುದಿಲ್ಲ.

ಇಷ್ಟು ಹೇಳಿ ನನ್ನ ಮನೆಯ ದೋಷವನ್ನು ಮುಚ್ಚಿಟ್ಟರೆ ಅಪಚಾರವಾದೀತು. ತಾವರೆಯೆಲೆಯ ಮೇಲಿನ ನೀರಿನಂತೆ ಎಂಬ ಹೋಲಿಕೆಯನ್ನು ಇಪ್ಪತ್ತು ವರ್ಷಗಳಿಂದ ವಿವರಿಸುತ್ತ ಬಂದಿದ್ದೇನೆ: ನಿರ್ಲಿಪ್ತತೆ, ವೈರಾಗ್ಯ, ಇತ್ಯಾದಿ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಯಾಕೆ ಅಂಟಲ್ಲ ಸಾರ್?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಎಲೆಯ ಮೇಲೆ ಕಣ್ಣಿಗೆ ಕಾಣದ ಉಬ್ಬುಗಳಿವೆ, ಅವುಗಳ ಮೇಲೆ ಮೇಣದ ಲೇಪವಿದೆ, ಹನಿ ಆ ತುದಿಗಳ ಮೇಲೆ ನಿಂತು ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ ಎಂದು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲೋಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ತೋರಿಸಿಕೊಟ್ಟಿದ್ದರು. ಅದನ್ನು ನಾನು ಓದಿದ್ದು ಆ ಹುಡುಗಿ ಕೇಳಿದ ಮೇಲೆ. ಸಾವಿರಾರು ವರ್ಷ ಆ ಎಲೆಯನ್ನು ನೋಡಿ ನಾವು ವೈರಾಗ್ಯವನ್ನು ಕಂಡೆವು, ಎಲೆಯನ್ನು ಕಾಣಲಿಲ್ಲ. ಈಗಿನವರು ಎಲೆಯನ್ನು ಕಂಡು ನೀರು ಹತ್ತದ ಲೇಪಗಳನ್ನು ಮಾಡುತ್ತಾರೆ. ಆದರೆ ಅಂಥ ಹಲವು ಲೇಪಗಳಲ್ಲಿ ಬಳಸುವ ಫ್ಲೋರಿನ್ ಸಂಯುಕ್ತಗಳು ನೆಲದಲ್ಲೂ ನೀರಿನಲ್ಲೂ ಕರಗಿ ಮುಗಿಯದೆ ಉಳಿದುಬಿಡುತ್ತವೆ. ನಾವು ಎಲೆಯನ್ನು ಬಿಟ್ಟು ಅರ್ಥವನ್ನು ಹಿಡಿದೆವು, ಅವರು ಅರ್ಥವನ್ನು ಬಿಟ್ಟು ಎಲೆಯನ್ನು ಹಿಡಿದರು. ಎರಡೂ ಅರೆಗಣ್ಣಿನ ನೋಟ.

ಆಕ್ಷೇಪಣೆಗಳು ಬರುತ್ತವೆ. ಪೇಟೆಯಲ್ಲಿ ನಿಸರ್ಗ ಎಲ್ಲಿದೆ ಎನ್ನುತ್ತಾರೆ. ಅಂಗಳದ ಅರಳಿಯ ಮರವಿದೆ. ಅದರ ಎಲೆಗೆ ಅಷ್ಟುದ್ದದ ಬಾಲವೇಕೆ, ಮಳೆನೀರು ಅಲ್ಲಿ ಹೇಗೆ ಇಳಿಯುತ್ತದೆ ಎಂದು ಒಂದು ಮಳೆಗಾಲ ನೋಡಲಿ. ಪಠ್ಯ ಮುಗಿಯಬೇಕು, ಉದ್ಯೋಗ ಸಿಗಬೇಕು, ಸಮಯವೆಲ್ಲಿ ಎನ್ನುತ್ತಾರೆ. ಥರ್ಮೋಕೋಲು ಕೊರೆಯಲು ಹದಿನೈದು ದಿನ ಸಿಕ್ಕಿತಲ್ಲ! ಕನ್ನಡದಲ್ಲಿ ಇದಕ್ಕೆ ದಾರಿಯೆಲ್ಲಿದೆ ಎನ್ನುವವರೂ ಉಂಟು. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವೇ 'ಹಸುರು ಹೊನ್ನು'; ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾದೆಮಿಯ ಬಹುಮಾನವೂ ಬಂತು. ದಾರಿ ಇದೆ; ನಡೆಯುವವರಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮೊದಲ ಒಂದು ತಿಂಗಳು ಕಂಪ್ಯೂಟರಿಲ್ಲದೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ಕಾಲ್ನಡಿಗೆಯ ದೂರದಲ್ಲಿರುವ ಒಂದೇ ಒಂದು ಜೀವವನ್ನು ನೋಡಿ ದಿನಚರಿ ಬರೆಯಲಿ. ಮನೆಯ ಮಾತಿನಲ್ಲಿ ಬರೆಯಲಿ. ಹೆಸರಿನಲ್ಲಿಯೇ ನೋಟವಿದೆ: 'ಮುಟ್ಟಿದರೆ ಮುನಿ' ಎಂಬ ಗಿಡಕ್ಕೆ ಹೆಸರಿಟ್ಟವರು ಅದನ್ನು ಮುಟ್ಟಿ, ಕಾದು, ನೋಡಿದ್ದರು. ಆಮೇಲೆ ವಿದ್ಯಾರ್ಥಿ ತಾನು ರೂಪಿಸುವ ವಸ್ತುವಿನ ಲೆಕ್ಕ ಒಪ್ಪಿಸಲಿ: ಯಾವುದರಿಂದ ಮಾಡಿದೆ, ಎಷ್ಟು ಬೆಂಕಿ ಉರಿಸಿದೆ, ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದ ನಮ್ಮಜ್ಜಿ ಈ ಮೂರು ಪ್ರಶ್ನೆಗೂ ತಡವರಿಸದೆ ಉತ್ತರ ಹೇಳುತ್ತಿದ್ದಳು. ಎಲ್ಲರೂ ಎಲೆಯಲ್ಲೇ ಉಣ್ಣಿರೆಂದು ನಾನು ಹೇಳುತ್ತಿಲ್ಲ; ಅವಳು ಹೇಳುತ್ತಿದ್ದ ಉತ್ತರವನ್ನು ಇಂಜಿನಿಯರೂ ಹೇಳುವಂತಾಗಲಿ ಎನ್ನುತ್ತಿದ್ದೇನೆ. ಕೊನೆಯದಾಗಿ, ಅಂಕ ಮಾದರಿಯ ಅಂದಕ್ಕಲ್ಲ, ಹುಡುಗ ಕೇಳಿದ ಪ್ರಶ್ನೆಗೆ ಸಿಗಲಿ.

ಈ ವರ್ಷವೂ ತೀರ್ಪುಗಾರನಾಗಿ ಬರಬೇಕೆಂದು ಅದೇ ಕಾಲೇಜಿನಿಂದ ಪತ್ರ ಬಂದಿದೆ. ಬರುತ್ತೇನೆಂದು ಒಪ್ಪಿ ಬರೆದಿದ್ದೇನೆ. ಎರಡು ಕರಾರು ಮಾತ್ರ ಹಾಕಿದ್ದೇನೆ: ಪ್ರದರ್ಶನ ಕೆರೆಯ ಏರಿಯ ಮೇಲೆ ನಡೆಯಬೇಕು, ನನಗೆ ಕಾರು ನಿಲ್ಲಿಸುವ ಜಾಗ ಬೇಡ, ಬಸ್ಸಿನಲ್ಲಿ ಬರುತ್ತೇನೆ. ಉತ್ತರ ಇನ್ನೂ ಬಂದಿಲ್ಲ.